ತಂಗಿಯ ಪಾಲಿಗೆ ಹೋದ ವೋಲ್ಸ್

ಲಾಕೆವ್ ಹಾಸಿಗೆ ಹಿಡಿದ ಮೇಲೆ ಕೇರಿಯ ಹಿರಿಯರನ್ನು ಕರೆಸಿ, ಅವರ ಎದುರಿಗೇ ಪಾಲಿನ ಮಾತು ಮುಗಿಸಿಬಿಟ್ಟರು. ಬೀದಿಗೆ ಮುಖವಿದ್ದ ದೊಡ್ಡ ಮನೆ ಮಗ ವುಬ್ಷೆತ್‌ಗೆ, ಹಿತ್ತಲಿನ ಎರಡು ಕೋಣೆ ಮಗಳು ಜೆನೆಬೆಚ್‌ಗೆ. ಹಿರಿಯರು ತಲೆಯಾಡಿಸಿದರು. ಆಮೇಲೆ ಮುದುಕರು ದಿಂಬಿನಡಿ ಕೈಹಾಕಿ ಒಂದು ಕೀಲಿಕೈ ಹೊರತೆಗೆದು, ಅದನ್ನು ಮಗಳ ಅಂಗೈಯಲ್ಲಿಟ್ಟರು.

“ವೋಲ್ಸ್ ಇವಳಿಗೆ” ಎಂದರು.

“ಆಗ್ಲಿ ಅಪ್ಪ, ನಿಮ್ಮಿಷ್ಟ” ಎಂದ ವುಬ್ಷೆತ್. ಬಾಯಲ್ಲಿ ಬಂದದ್ದು ಅಷ್ಟೇ. ಹೊಟ್ಟೆಯಲ್ಲಿ ಮಾತ್ರ ಯಾರೋ ಒಂದು ಬಾಣಲೆ ಕೆಂಡ ಸುರಿದಂತಾಯಿತು. ಮುದುಕರು ತೀರಿಕೊಂಡು, ನಲವತ್ತನೆಯ ದಿನದ ತಿಥಿಯೂಟ ಮುಗಿದು, ನೆಂಟರು ಚದುರಿದರೂ ಆ ಕೆಂಡ ಆರಲಿಲ್ಲ.

ಆಮೆಯ ಬೆನ್ನಿನ ಆ ಪುಟ್ಟ ಕಾರಿಗೆ ಅಡಿಸ್ ಅಬಾಬಾದಲ್ಲಿ ವೋಲ್ಸ್ ಎಂದೇ ಹೆಸರು. ಲಾಕೆವ್ ರಸ್ತೆ ಇಲಾಖೆಯಲ್ಲಿ ಅಳತೆಗಾರರಾಗಿದ್ದಾಗ, ದೇಶ ಬಿಟ್ಟು ಹೊರಟಿದ್ದ ಒಬ್ಬ ವಿದೇಶಿ ಮೇಷ್ಟರಿಂದ ಅದನ್ನು ಕೊಂಡಿದ್ದರು. ಬಣ್ಣ ಎಳೆಯ ಬಟಾಣಿಯದು. ಚಕ್ರವರ್ತಿ ಹೋದರು, ಮಿಲಿಟರಿಯವರು ಬಂದರು, ಪೆಟ್ರೋಲಿಗೆ ಚೀಟಿ ಹಿಡಿದು ನಿಲ್ಲುವ ಕಾಲ ಬಂತು, ಹೋಯಿತು. ವೋಲ್ಸ್ ಮಾತ್ರ ಅಂಗಳದ ತಗಡಿನ ಚಪ್ಪರದಡಿ ಇದ್ದಲ್ಲೇ ಇತ್ತು. ಲಾಕೆವ್ ಇಂಜಿನ್ ಬಿಚ್ಚಿದಾಗಲೆಲ್ಲ ದೀಪ ಹಿಡಿದು ನಿಲ್ಲುತ್ತಿದ್ದವನು ವುಬ್ಷೆತ್. ಯಾವ ಬೋಲ್ಟು ಎಡಕ್ಕೆ ಮುನಿಯುತ್ತದೆ, ಮಳೆಗಾಲದಲ್ಲಿ ಯಾವ ತಂತಿ ಬೆವರುತ್ತದೆ ಎಲ್ಲ ಅವನಿಗೆ ಬಾಯಿಪಾಠ. ದೊಡ್ಡವನಾದ ಮೇಲೆ ನೀರಿನ ಕಚೇರಿಯಲ್ಲಿ ಕೆಲಸ ಮಾಡಿದ, ಅಲ್ಗಾನೆಶ್‌ಳನ್ನು ಮದುವೆಯಾದ, ಮಕ್ಕಳನ್ನು ಸಾಕಿ ಮದುವೆ ಮಾಡಿದ. ಆದರೆ ನೀನು ಯಾರು ಎಂದು ಯಾರಾದರೂ ಕೇಳಿದ್ದರೆ, ಲಾಕೆವ್ ಅವರ ವೋಲ್ಸ್ ನೋಡಿಕೊಳ್ಳುವವನು ಎಂದೇ ಮೊದಲು ಹೇಳುತ್ತಿದ್ದನೇನೋ.

ಈಗ ಅದು ತಂಗಿಯದು. ಅವಳು ಪರದೆ ಹೊಲಿಯುವ ಕೆಲಸದವಳು. ಬೋಲೆ ಕಡೆಯ ಹೊಸ ಮನೆಗಳಿಗೆ, ಹೋಟೆಲುಗಳಿಗೆ ಪರದೆ ಹೊಲಿದು, ತಾನೇ ಒಯ್ದು ಕಟ್ಟಿ ಬರುತ್ತಿದ್ದಳು. ಗಂಡ ಬಿಟ್ಟು ಹೋದ ಮೇಲೆ ಯಾರ ಮುಂದೆಯೂ ಕೈಚಾಚಿದವಳಲ್ಲ. ಬೆಳಗಾದರೆ ಬಟ್ಟೆಯ ಸುರುಳಿಗಳನ್ನು ಹಿಂದಿನ ಸೀಟಿಗೆ ತುರುಕಿ ಹೊರಡುವಳು. ಕಿಟಕಿಯ ಹಿಂದೆ ಚಹಾದ ಲೋಟ ಹಿಡಿದು ನಿಂತ ವುಬ್ಷೆತ್ ಅದನ್ನು ನೋಡುವನು. ಕತ್ತೆಯ ಮೇಲೆ ಹೊರೆ ಹೇರಿದ ಹಾಗೆ ಹೇರ್ತಾಳಲ್ಲ ಎಂದು ಹಲ್ಲು ಕಡಿಯುವನು.

ಆಮೇಲೆ ಅವಳು ಕಾರನ್ನು ಬದಲಾಯಿಸತೊಡಗಿದಳು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯದು. ಅದೇ ಬಟಾಣಿ ಬಣ್ಣ, ಅದೇ ದುಂಡು ದೀಪ, ಚಕ್ರದ ಮೇಲೆ ಅದೇ ಹೊಳೆಯುವ ತಟ್ಟೆ. ಆದರೆ ವುಬ್ಷೆತ್‌ನ ಕಣ್ಣು ಯಾರದೋ ಕಣ್ಣಲ್ಲವಲ್ಲ. ಒಂದು ಭಾನುವಾರ ಮುಂದಿನ ಚಕ್ರದ ತಟ್ಟೆಯ ಹಿಂದೆ ಹೊಸಕಾಲದ ಡಿಸ್ಕ್ ಬ್ರೇಕು ಮಿನುಗಿದ್ದನ್ನು ಕಂಡ. ಇನ್ನೊಂದು ದಿನ ಸೀಟಿಗೆ ಬೆಲ್ಟುಗಳು ಬಂದವು. ಸೀಟಿನ ಬಣ್ಣಕ್ಕೆ ಸರಿಯಾಗಿ ತಾನೇ ಬಣ್ಣದಲ್ಲಿ ಅದ್ದಿ ಹೊಲಿದಿದ್ದಳು. ಬೂದಿ ಹಾಕುವ ಪುಟ್ಟ ಡಬ್ಬಿ ತೆರೆದರೆ ಒಳಗೆ ಫೋನಿಗೆ ಕರೆಂಟು ತುಂಬುವ ತೂತು. ಕೊನೆಗೆ ಒಂದು ದಿನ ಇಂಜಿನ್ನಿನ ಮುಚ್ಚಳ ತೆರೆದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಟೋಪಿ ಎತ್ತಿ ನೋಡಿದ. ಕಿಡಿ ಹಾರಿಸುವ ಹಳೆಯ ಪಾಯಿಂಟುಗಳೇ ಇರಲಿಲ್ಲ. ಆ ಜಾಗದಲ್ಲಿ ಹೆಬ್ಬೆರಳಿನಷ್ಟು ಕರಿಯ ಎಲೆಕ್ಟ್ರಾನಿಕ್ ತುಣುಕೊಂದು ಕೂತಿತ್ತು.

ಆ ವಾರದ ಕಾಫಿಗೆ ಎಲ್ಲರೂ ಅಂಗಳದಲ್ಲಿ ಹುಲ್ಲು ಹಾಸಿ ಕೂತಿದ್ದಾಗ ಅವನಿಂದ ತಡೆಯಲಾಗಲಿಲ್ಲ.

“ಅಪ್ಪ ಇಟ್ಟ ಹಾಗೆ ಇಟ್ಕೊಳ್ಳೋಕೆ ಆಗಲ್ವಾ ನಿಂಗೆ?” ಎಂದ.

ಜೆನೆಬೆಚ್ ಹುರಿದ ಜವೆಗೋಧಿಯನ್ನು ಬಾಯಿಗೆ ಎಸೆದುಕೊಳ್ಳುತ್ತ ಹೇಳಿದಳು, “ಅಪ್ಪ ಇಟ್ಟ ಹಾಗೆ ಇಟ್ರೆ ಮಳೆಗಾಲದಲ್ಲಿ ಬೆಳಗಾಗೆದ್ದು ತಳ್ಳೋರು ಯಾರಣ್ಣ? ನೀನು ಬರ್ತೀಯಾ?”

“ಬರ್ತಿದ್ದೆ. ಕರೆದಿದ್ರೆ.”

“ವುಬ್ಷೆತ್ ಅಣ್ಣಂಗೆ ಹೊಟ್ಟೇಲಿ ಹುಣಸೆಹುಳಿ ಕಿವುಚ್ತಿದೆ” ಎಂದು ಪಕ್ಕದ ಮನೆಯ ಮುದುಕಿ ಮಂತೆಗ್ಬೋಶ್ ನಕ್ಕಳು. ಎಲ್ಲರೂ ನಕ್ಕರು. ಅಲ್ಗಾನೆಶ್ ಗಂಡನ ಮುಖ ನೋಡದೆ ಎರಡನೆಯ ಸುತ್ತಿನ ಕಾಫಿ ಬಗ್ಗಿಸಿದಳು. ಅವಳೂ ಈಗ ಜೆನೆಬೆಚ್‌ಳ ಪಕ್ಷ. ಮೆರ್ಕಾಟೊ ಸಂತೆಗೆ, ನೆಂಟರ ಮನೆಗೆ, ಎಲ್ಲಿಗೆ ಹೋಗುವುದಿದ್ದರೂ ನಾದಿನಿಯ ಪಕ್ಕದ ಸೀಟಿನಲ್ಲಿ ಸೊಂಟಕ್ಕೆ ಬೆಲ್ಟು ಬಿಗಿದು ರಾಣಿಯ ಹಾಗೆ ಕೂರುತ್ತಿದ್ದಳು. ಬಂದ ಮೇಲೆ, “ಏನ್ ಹಗುರವಾಗಿ ಓಡ್ತದ್ರೀ ಈಗ! ಮಾವ ಇದ್ದಾಗ ಕೆಮ್ಮೋದು, ನಿಲ್ಲೋದು” ಎನ್ನುವಳು. ಆ ಒಂದೊಂದು ಮಾತೂ ವುಬ್ಷೆತ್‌ಗೆ ಗಾಯಕ್ಕೆ ಮೆಣಸಿನಪುಡಿ.

ಮಳೆ ಹಿಂದೆಗೆದು ಬೆಟ್ಟದ ಮೇಲೆ ಹಳದಿ ಹೂ ಮೂಡುವ ಹೊತ್ತಿಗೆ ಜೆನೆಬೆಚ್ ಒಂದು ಮದುವೆಗೆಂದು ಬಸ್ಸಿನಲ್ಲಿ ದೂರದ ದೆಸ್ಸಿ ಊರಿಗೆ ಹೊರಟಳು. ಕಾರಿನ ಕೀಲಿಕೈಯನ್ನು ಅಲ್ಗಾನೆಶ್‌ಳ ಕೈಗೆ ಕೊಟ್ಟು, “ಅತ್ತಿಗೆ, ನಡುವೆ ಒಂದ್ಸಲ ಇಂಜಿನ್ ಶುರು ಮಾಡಿಸಿ” ಎಂದಳು. ಪಕ್ಕದಲ್ಲೇ ನಿಂತಿದ್ದ ಅಣ್ಣನ ಕೈಗೆ ಕೊಡಲಿಲ್ಲ.

ವುಬ್ಷೆತ್ ಆ ದಿನವೆಲ್ಲ ಮೈ ಪರಚಿಕೊಂಡ. ಮರುದಿನ ಅಲ್ಗಾನೆಶ್ ಸಂತೆಗೆ ಹೋದದ್ದೇ ತಡ, ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದುಕೊಂಡ. ಮಂಚದಡಿಯ ಬಿಸ್ಕತ್ತಿನ ಡಬ್ಬಿಯಲ್ಲಿ ಎಣ್ಣೆಬಟ್ಟೆ ಸುತ್ತಿಟ್ಟಿದ್ದ, ಅಪ್ಪನ ಕಾಲದ ಹೆಚ್ಚಿನ ಜೋಡಿ ಪಾಯಿಂಟುಗಳನ್ನು ಹೊರತೆಗೆದ. ಕರಿಯ ತುಣುಕನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಅವನ್ನು ಮತ್ತೆ ಕೂರಿಸಿದ. ಕೈ ತಾನಾಗಿಯೇ ಕೆಲಸ ಮಾಡಿತು. ತಿರುಗುವ ಕಡ್ಡಿಗೆ ಗ್ರೀಸು ಸವರಬೇಕು ಎನ್ನುವಷ್ಟರಲ್ಲಿ ಗೇಟು ಕಿರುಗುಟ್ಟಿದಂತಾಯಿತು; ಗಾಬರಿಯಲ್ಲಿ ಟೋಪಿ ಮುಚ್ಚಿಬಿಟ್ಟ. ನೋಡಿದರೆ ಬೆಕ್ಕು. ಗ್ರೀಸು ಮರೆತೇಹೋಯಿತು.

ಇಂಜಿನ್ ಶುರು ಮಾಡಿ ಕಣ್ಣು ಮುಚ್ಚಿಕೊಂಡ. ಅದೇ ಹಳೆಯ ಟಕಟಕ. ಅಪ್ಪ ಬಗ್ಗಿ ನಿಂತು ಕಿವಿಗೊಡುತ್ತಿದ್ದ ಸದ್ದು. ತಂಗಿಯ ಕಾರು ಎಷ್ಟೋ ಕಾಲದ ಮೇಲೆ ತನ್ನ ಮಾತು ಕೇಳಿತು ಎನ್ನಿಸಿ ಅವನಿಗೆ ನಗು ಬಂತು. ಆ ವಾರ ಅವನು ಹೆಂಡತಿಯ ಶಿರೊ ಸಾರನ್ನು ಹೊಗಳಿ ಹೊಗಳಿ ಉಂಡ. “ಏನ್ರೀ ಬಂದಿದೆ ನಿಮ್ಗೆ?” ಎಂದು ಅಲ್ಗಾನೆಶ್ ಅನುಮಾನಪಟ್ಟಳು.

ಜೆನೆಬೆಚ್ ಬಂದವಳೇ ಎರಡು ದಿನ ಕಾರು ಓಡಿಸಿದಳು. ಸ್ವಲ್ಪ ತಡವರಿಸುತ್ತಿದೆ, ನಿಂತಲ್ಲೇ ನಿಂತದ್ದಕ್ಕಿರಬೇಕು ಎಂದುಕೊಂಡಳು. ಹಬ್ಬದ ಬೆಳಿಗ್ಗೆ ಎಂಟೋಟೊ ಬೆಟ್ಟದ ಮೇಲಿನ ಮಾತೆ ಮರಿಯಮ್ಮನ ಚರ್ಚಿಗೆ ಹೋಗೋಣವೆಂದು ಎಲ್ಲರನ್ನೂ ಕರೆದಳು. ಅಲ್ಗಾನೆಶ್ ಬಿಳಿಯ ನೆತೆಲ ಶಾಲು ಹೊದ್ದು, ಕೂದಲಿಗೆ ಹೊಸ ಬೆಣ್ಣೆ ಹಚ್ಚಿ ಹಿಂದೆ ಕೂತಳು. ವುಬ್ಷೆತ್ ಬೇಡ ಎನ್ನಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಹಳೆಯ ಸದ್ದನ್ನು ಗುಟ್ಟಾಗಿ ಸವಿಯುವ ಆಸೆ ಅವನಿಗೆ.

ಅರ್ಧ ಬೆಟ್ಟದವರೆಗೆ ಸವಿದದ್ದೇ ಸವಿದದ್ದು. ನೀಲಗಿರಿ ಮರಗಳ ನಡುವಿನ ಕಡಿದಾದ ತಿರುವಿನಲ್ಲಿ ಕಾರು ಒಮ್ಮೆ ಬಿಕ್ಕಿತು, ಮತ್ತೆ ಬಿಕ್ಕಿತು, ಉಸಿರು ಬಿಟ್ಟು ನಿಂತಿತು. ಹಿಂದಕ್ಕೆ ಜಾರತೊಡಗಿತು. ಅಲ್ಗಾನೆಶ್ “ಮರಿಯಮ್ಮಾ!” ಎಂದು ಚೀರಿದಳು. ಜೆನೆಬೆಚ್ ಬ್ರೇಕು ಒತ್ತಿದಳು. ಗೂಟ ಹೊಡೆದ ಹಾಗೆ ಕಾರು ನಿಂತಿತು. ಹಿಂದೆ ಸೌದೆಯ ಹೊರೆ ಹೊತ್ತ ಹೆಂಗಸರು ದಾರಿಯಂಚಿಗೆ ಸರಿದು ಬೈಯುತ್ತಿದ್ದರು. ಹಳೆಯ ಬ್ರೇಕಾಗಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ ಎಂದು ವುಬ್ಷೆತ್‌ಗೆ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ನುಂಗಿಕೊಂಡ.

ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಜೆನೆಬೆಚ್ ಇಂಜಿನ್ನಿನ ಮುಚ್ಚಳ ತೆರೆದಳು. ಟೋಪಿ ಎತ್ತಿದಳು. ಒಳಗೆ ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು.

“ನಂದೆಲ್ಲಿ?” ಎಂದಳು.

“ಮನೇಲಿದೆ.”

“ಒಳಗೆಲ್ಲ ಒಣಕಲು. ಗ್ರೀಸ್ ಹಚ್ಚದೆ ಕೂರಿಸಿದೀಯ. ಸವೆದು ಸಂದು ಮುಚ್ಚಿಹೋಗಿದೆ, ನೋಡಿಲ್ಲಿ.”

ವುಬ್ಷೆತ್‌ಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಕಳ್ಳತನ ಮಾಡಿದೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದ. ಕೆಲಸ ಕೆಡಿಸಿದ್ದೀಯ ಎಂದದ್ದು ಸಹಿಸಲಾಗಲಿಲ್ಲ. ಅಷ್ಟರಲ್ಲಿ ಅಲ್ಗಾನೆಶ್‌ಗೂ ವಿಷಯ ಗೊತ್ತಾಯಿತು. “ನೀವಾ? ಹಬ್ಬದ ದಿನ ನನ್ನ ಕೆಸರಲ್ಲಿ ನಿಲ್ಸಿದ್ದು ನೀವಾ? ಮನೆಗೆ ನಡೀರಿ, ಹೇಳ್ತೀನಿ!”

ಜೆನೆಬೆಚ್ ಕೈಚೀಲ ತಡಕಿ, ಚರ್ಚಿನಲ್ಲಿ ಮೇಣದಬತ್ತಿ ಹಚ್ಚಲು ತಂದಿದ್ದ ಬೆಂಕಿಪೆಟ್ಟಿಗೆ ತೆಗೆದಳು. ಅದರ ರಟ್ಟಿನ ಒಂದು ತುಂಡು ಹರಿದು, ಪಾಯಿಂಟುಗಳ ನಡುವೆ ಇಟ್ಟು, ಸ್ಕ್ರೂ ಸಡಿಲಿಸಿ ಸಂದಿಯನ್ನು ಅದರ ದಪ್ಪಕ್ಕೆ ಸರಿಮಾಡಿದಳು. ವುಬ್ಷೆತ್ ಹತ್ತಿರ ಬಂದು ಬಗ್ಗಿ ನೋಡಿದ.

“ಅದನ್ನ ನಿಂಗ್ಯಾರು ಹೇಳ್ಕೊಟ್ರು?”

“ಯಾವ್ದು?”

“ಬೆಂಕಿಪೆಟ್ಟಿಗೆ ರಟ್ಟು.”

“ಅಪ್ಪ. ಇನ್ಯಾರು? ನಿನ್ನನ್ನ ಸೈನ್ಯಕ್ಕೆ ಎಳ್ಕೊಂಡು ಹೋದ್ರಲ್ಲ, ಆ ವರ್ಷಗಳಲ್ಲಿ. ನಾನೇ ದೀಪ ಹಿಡೀತಿದ್ದೆ. ‘ಇದು ನಿಂಗೊಬ್ಳಿಗೇ ಹೇಳ್ತಿರೋದು’ ಅಂದಿದ್ರು.”

ವುಬ್ಷೆತ್‌ಗೂ ಅಪ್ಪ ಅದೇ ಮಾತು ಹೇಳಿದ್ದರು, ಅದೇ ಚಪ್ಪರದಡಿ, ಹೆಗಲ ಮೇಲೆ ಕೈಯಿಟ್ಟು. ಉತ್ತರದ ಆ ಬೋಳು ಗುಡ್ಡಗಳಲ್ಲಿ ಗುಂಡಿನ ಸದ್ದಿನ ನಡುವೆ ಕೂತಾಗ, ತಾನಿಲ್ಲದೆ ಅಪ್ಪನಿಗೆ ದೀಪ ಹಿಡಿಯುವವರು ಯಾರು ಎಂದು ಕೊರಗುತ್ತಿದ್ದ. ಹಿಡಿಯುವವರು ಇದ್ದರು.

ಅವನ ಮುಖ ನೋಡಿ ಜೆನೆಬೆಚ್‌ಗೆ ಅರ್ಥವಾಯಿತು. “ನಿಂಗೂ ಹಂಗೇ ಅಂದಿದ್ರಾ?” ಎಂದು ಜೋರಾಗಿ ನಕ್ಕಳು. “ಎಂಥಾ ಮನುಷ್ಯ ನಮ್ಮಪ್ಪ!”

ಗ್ರೀಸಿಗೇನು ಮಾಡುವುದು? ಅವಳು ಅತ್ತಿಗೆಯ ತಲೆಯತ್ತ ಕೈಚಾಚಿ, ಬೈತಲೆಯಿಂದ ಒಂದು ಉಗುರಿನಷ್ಟು ಬೆಣ್ಣೆ ಕೆರೆದು ಕಡ್ಡಿಗೆ ಸವರಿದಳು. “ಅಯ್ಯೋ, ನನ್ನ ತಲೆ!” ಎಂದು ಅಲ್ಗಾನೆಶ್ ಕೂಗಿಕೊಂಡಳು. ಇಂಜಿನ್ ಶುರುವಾಯಿತು. ಬೆಣ್ಣೆ ಕರಗುವ ಮೊದಲು ಚರ್ಚು ಮುಟ್ಟಬೇಕೆಂದು ಅವಸರದಿಂದ ಹತ್ತಿದರು.

ಪೂಜೆ ಮುಗಿದ ಮೇಲೆ ಅಣ್ಣ ತಂಗಿ ಚರ್ಚಿನ ಗೋಡೆಯ ಬಳಿ ಕೂತರು. ಕೆಳಗೆ ಊರು ಹೊಗೆಯಲ್ಲಿ ಮಸುಕಾಗಿತ್ತು.

“ನಂಗೇ ಕೊಡ್ಬೇಕಿತ್ತು ಅದನ್ನ” ಎಂದ ವುಬ್ಷೆತ್. ಇಷ್ಟು ವರ್ಷದಲ್ಲಿ ಆ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

“ಮನೆ ನಂಗೆ ಕೊಡ್ಬೇಕಿತ್ತು” ಎಂದಳು ಜೆನೆಬೆಚ್.

ಅವನು ತಿರುಗಿ ನೋಡಿದ.

“ಏನ್ ನೋಡ್ತೀಯ? ದಿನಾ ನಿನ್ನ ಜಗಲಿ ಮುಂದೇನೇ ಹಾದು ಹೋಗ್ತೀನಿ. ಅಮ್ಮ ಕಾಫಿ ಹುರೀತಿದ್ದ ಜಗಲಿ. ಆ ಕಿಟಕೀಲಿ ನೀನು ಲೋಟ ಹಿಡ್ಕೊಂಡು ಯಜಮಾನನ ಹಾಗೆ ನಿಂತಿರ್ತೀಯ, ನಂಗೆ ಮೈಯೆಲ್ಲ ಉರಿಯುತ್ತೆ. ನಾನು ಯಾವತ್ತಾದ್ರೂ ನಿನ್ನ ಗೋಡೆಯಿಂದ ಒಂದು ಕಲ್ಲು ಕಿತ್ತಿದೀನಾ?”

ವುಬ್ಷೆತ್ ತಬ್ಬಿಬ್ಬಾದ. ಆ ಕಿಟಕಿಯಲ್ಲಿ ನಿಂತವನನ್ನು ಕಂಡು ಯಾರಾದರೂ ಕರುಬಬಹುದು ಎಂದು ಕನಸಿನಲ್ಲೂ ಅವನು ಎಣಿಸಿರಲಿಲ್ಲ. “ಬೇಕಿದ್ರೆ ಅದಲು ಬದಲು ಮಾಡ್ಕೊಳ್ಳೋಣ” ಎಂದುಬಿಟ್ಟ.

ಹಿಂದಿನಿಂದ ಅಲ್ಗಾನೆಶ್‌ಳ ದನಿ ಬಂತು, “ನನ್ನ ಒಲೆ ಇರೋ ಮನೆ ಕಣ್ರೀ ಅದು. ಇನ್ನೊಂದ್ಸಲ ಹಂಗಂದ್ರೆ ನಿಮ್ಮನ್ನೇ ಬದಲು ಮಾಡ್ತೀನಿ.”

ಅಂದೇ ಅವನು ಕರಿಯ ತುಣುಕನ್ನು ತಂಗಿಗೆ ಮರಳಿಸಿದ. ಅವಳು ತಾನೇ ಕೂರಿಸಿದಳು, ಅವನನ್ನು ಕರೆಯಲಿಲ್ಲ. ಪಾಯಿಂಟುಗಳನ್ನು ಒರೆಸಿ ಅವನ ಜಗಲಿಯ ಮೇಲಿಟ್ಟು ಹೋದಳು. ಅವಳ ಮನೆ ಆಸೆ ತಿಳಿದದ್ದರಿಂದ ಅವನ ಹೊಟ್ಟೆಯುರಿ ಕಡಿಮೆಯೇನೂ ಆಗಲಿಲ್ಲ. ಆದರೆ ಒಬ್ಬನೇ ಉರಿಯುವುದಕ್ಕೂ ಇಬ್ಬರು ಉರಿಯುವುದಕ್ಕೂ ವ್ಯತ್ಯಾಸವಿದೆ. ಬೆಳಿಗ್ಗೆ ಅವಳು ಬಟ್ಟೆಯ ಸುರುಳಿ ಹೊತ್ತು ಬಂದರೆ ಅವನು ಕಿಟಕಿಯಿಂದ ಸರಿದು ನಿಲ್ಲತೊಡಗಿದ. ಒಮ್ಮೊಮ್ಮೆ ಬೇಕೆಂದೇ ಕಿಟಕಿಯಲ್ಲೇ ನಿಲ್ಲುತ್ತಿದ್ದ.

ಮುಂದಿನ ವರ್ಷ ಅವನು ಒಂದು ಗ್ಯಾರೇಜಿನ ಹಿತ್ತಲಲ್ಲಿ ಕೋಳಿಗೂಡಾಗಿ ಬಿದ್ದಿದ್ದ ವೋಲ್ಸ್ ಒಂದನ್ನು ಕೊಂಡುತಂದ. ಇಂಜಿನ್ ಇಲ್ಲ, ತಳಕ್ಕೆ ತುಕ್ಕು, ಆದರೆ ಹಿಂದಿನ ಕಿಟಕಿ ಮೊಟ್ಟೆಯಾಕಾರದ್ದು. ಲಾಕೆವ್ ಅವರ ಕಾರಿಗಿಂತ ಹತ್ತು ವರ್ಷಕ್ಕೂ ಹಳೆಯದು. ಊರಿನಲ್ಲಿ ಅಂಥವು ಬೆರಳೆಣಿಕೆಯಷ್ಟೂ ಇರಲಿಲ್ಲ. ಅದನ್ನು ಅಂಗಳದಲ್ಲಿ ತಂಗಿಯ ಕಾರು ಕಷ್ಟಪಟ್ಟು ತೂರಿಕೊಂಡು ಹೋಗುವಷ್ಟು ಜಾಗ ಬಿಟ್ಟು ನಿಲ್ಲಿಸಿದ. ತಳಕ್ಕೆ ಬೆಸುಗೆ ಹಾಕಿಸಿದ, ಬಾಗಿಲು ನೇರ ಮಾಡಿದ, ಹಳೆಯ ಇಂಜಿನ್ ಒಂದನ್ನು ಹುಡುಕಿ ತಂದು ಬಿಚ್ಚಿ ಜೋಡಿಸಿದ. ಕಿಡಿಗೆ ಅವನೂ ಎಲೆಕ್ಟ್ರಾನಿಕ್ ತುಣುಕನ್ನೇ ಹಾಕಿಸಿದ. ಯಾರಿಗೂ ಹೇಳಲಿಲ್ಲ.

ಕಾರು ಮೊದಲ ಬಾರಿ ಸದ್ದು ಮಾಡಿದ ದಿನ ಜೆನೆಬೆಚ್ ಹೊಲಿಗೆ ಬಿಟ್ಟು ಹೊರಗೆ ಬಂದಳು. ಸುತ್ತು ಬಂದಳು. ಮೊಟ್ಟೆ ಕಿಟಕಿಯ ಅಂಚನ್ನು ನೋಡುತ್ತ ನಿಂತಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

“ಎಲ್ಲಿ ಸಿಕ್ತು ಇದು ನಿಂಗೆ?” ಎಂದಳು. ದನಿ ತೀರಾ ಸಪ್ಪೆಯಾಗಿತ್ತು, ಬೇಕೆಂದೇ ಸಪ್ಪೆ ಮಾಡಿಕೊಂಡ ಹಾಗೆ.

“ಸಿಕ್ತು ಎಲ್ಲೋ” ಎಂದ ವುಬ್ಷೆತ್, ಕೈ ಒರೆಸಿಕೊಳ್ಳುತ್ತ.

“ಒಂದ್ಸಲ ಓಡಿಸ್ಲಾ?”

“ನೋಡೋಣ.”

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು. ಆ ಸಂಜೆ ಅವಳ ಹೊಲಿಗೆ ಯಂತ್ರ ಬಹಳ ಜೋರಾಗಿ ಓಡುತ್ತಿತ್ತು ಎಂದು ಅಲ್ಗಾನೆಶ್ ಹೇಳಿದಳು. ವುಬ್ಷೆತ್ ಇನ್ನೊಂದು ಇಂಜೆರಾ ರೊಟ್ಟಿ ಹಾಕಿಸಿಕೊಂಡು ಉಂಡ.