ಬಿದ್ದ ಕಲ್ಲು, ನಿಂತ ಕಲ್ಲು

ನನ್ನ ನೆಗೆಣ್ಣಿ ಎರ್ರೆಮ್ಮ ಯಾವ ಊರಿಗೆ ಹೋದರೂ ಮೊದಲು ನೋಡುವುದು ಮನೆಗಳನ್ನು. ಗುಡಿಗೆ ಕರೆದುಕೊಂಡು ಹೋಗಿ, ಡ್ಯಾಮಿಗೆ ಕರೆದುಕೊಂಡು ಹೋಗಿ, ಅವಳ ಕಣ್ಣು ದಾರಿಯ ಪಕ್ಕದ ಬಾಗಿಲುಗಳ ಮೇಲೆಯೇ ಇರುತ್ತದೆ. ಒಲೆ ಯಾವ ಮೂಲೆಯಲ್ಲಿ ಇಟ್ಟಿದ್ದಾರೆ, ಮಳೆಯ ನೀರು ಯಾವ ಕಡೆ ಹರಿದು ಹೋಗುತ್ತದೆ, ಬಚ್ಚಲಿಗೆ ಬೆಳಕು ಬೀಳುತ್ತದೋ ಇಲ್ಲವೋ, ಎಲ್ಲ ನೋಡಿ ನನಗೆ ಹೇಳುತ್ತಾಳೆ. ಹೊಟ್ಟೆಕಿಚ್ಚಿನಿಂದ ಅಲ್ಲ. ಮಕ್ಕಳು ಜಾತ್ರೆಯ ಆಟಿಕೆ ನೋಡುತ್ತಾರಲ್ಲ, ಹಾಗೆ.

ಎರ್ರೆಮ್ಮ ನನ್ನ ಗಂಡನ ತಮ್ಮ ಸುಂಕಪ್ಪನ ಹೆಂಡತಿ. ಹುಟ್ಟಿದ್ದು ಪಾಪಿನಾಯಕನಹಳ್ಳಿ. ಮದುವೆಯಾಗಿ ಬಂದದ್ದು ಸಂಡೂರಿನ ಗುಡ್ಡಕ್ಕೆ. ಸುಂಕಪ್ಪ ಗಣಿಯಲ್ಲಿ ಅದಿರು ಒಡೆಯುತ್ತಿದ್ದ, ಅವಳು ಬುಟ್ಟಿ ಹೊರುತ್ತಿದ್ದಳು. ಗುಡ್ಡದಲ್ಲಿ ಕೆಲಸ ಸರಿದ ಕಡೆಗೆ ಕೂಲಿಯವರ ತಗಡಿನ ಗುಡಿಸಲೂ ಸರಿಯುತ್ತಿತ್ತು. ಕಾಸಿಟ್ಟ ಹಾಲಿನ ಮೇಲೂ ಕೆಂಪು ಧೂಳು ಕೂರುತ್ತಿದ್ದ ಕಾಲ. ಆಮೇಲೆ ಗಾದಿಗನೂರಿನಲ್ಲಿ ಬಾಡಿಗೆ ಮನೆ, ಸುಂಕಪ್ಪ ತೀರಿಕೊಂಡ ಮೇಲೆ ಹೊಸಪೇಟೆಯಲ್ಲಿ ಬಾಡಿಗೆ ಮನೆ. ಬೇರೆಯವರ ಗೋಡೆ ಎಂದು ಅವಳು ಯಾವ ಮನೆಯಲ್ಲೂ ಮೊಳೆ ಹೊಡೆಸಿದವಳಲ್ಲ. ಗಂಡನ ಫೋಟೋವನ್ನು ಕೂಡ ಗೂಡಿನಲ್ಲಿ ಒರಗಿಸಿಯೇ ಇಟ್ಟಿದ್ದಾಳೆ. ತನ್ನದು ಅನ್ನುವ ಒಂದು ಸೂರಿನ ಕೆಳಗೆ ಒಂದು ಸಲವಾದರೂ ಹಾಲು ಉಕ್ಕಿಸಬೇಕು ಎಂಬುದೊಂದೇ ಅವಳ ಆಸೆ. ದೇವರ ಮುಂದೆ ಬೇರೇನನ್ನೂ ಅವಳು ಕೇಳಿದ್ದನ್ನು ನಾನು ಕೇಳಿಲ್ಲ.

ದಸರೆಯ ರಜೆಗೆ ನಮ್ಮ ಮನೆಯವರೆಲ್ಲ ಸುತ್ತಾಡಿ ಬರುವ ಪದ್ಧತಿ ಸುಂಕಪ್ಪ ಹಾಕಿದ್ದು. ಆಗ ಕೆಂಪು ಬಸ್ಸು, ಈಗ ಬಾಡಿಗೆಯ ಕ್ರೂಸರ್ ಗಾಡಿ. ದಾರಿ ಮಾತ್ರ ಅದೇ. ಮೊದಲ ದಿನ ಸಂಡೂರು, ಸಂಜೆಗೆ ಹೊಸಪೇಟೆಯ ಡ್ಯಾಮು. ಮರುದಿನ ಹಂಪಿ, ಅಲ್ಲಿಂದ ಮಾಲ್ಯವಂತದ ಗುಡ್ಡ, ಕೊನೆಗೆ ಕಂಪ್ಲಿಯ ಹೊಳೆಯ ದಂಡೆಯಲ್ಲಿ ಕುಳಿತು ಬುತ್ತಿ ಉಣ್ಣುವುದು. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ನಾವು ದಿನಾ ನೋಡುವ ಗುಡ್ಡವೇ ಆ ಎರಡು ದಿನ ಬೇರೆ ಯಾರದೋ ಆಗಿ ಕಾಣುತ್ತದೆ.

ಮಾಲ್ಯವಂತದ ವಿಷಯ ಬಿಡಿಸಿ ಹೇಳಬೇಕು. ಸೀತಮ್ಮನನ್ನು ಹುಡುಕಿಕೊಂಡು ಬಂದ ರಾಮ ಲಕ್ಷ್ಮಣರು ಮಳೆಗಾಲ ಮುಗಿಯುವವರೆಗೆ ಆ ಗುಡ್ಡದ ಮೇಲೆ ಕಾದಿದ್ದರು ಎನ್ನುತ್ತಾರೆ. ಗುಡಿಯೊಳಗೆ ರಾಮ ನಿಂತಿಲ್ಲ, ಕುಳಿತಿದ್ದಾನೆ. ಗುಡಿಯ ಹಿಂದಿನ ಬಂಡೆಯ ಮೇಲೆ, ಮನೆ ಆಗಲಿ ಎಂದು ಬೇಡಿಕೊಂಡವರು ಕಲ್ಲಿನ ಮೇಲೆ ಕಲ್ಲಿಟ್ಟು ಸಣ್ಣ ಸಣ್ಣ ಮನೆ ಕಟ್ಟಿ ಹೋಗಿರುತ್ತಾರೆ. ಮೊಣಕಾಲೆತ್ತರದವೂ ಇವೆ, ಬೆರಳೆತ್ತರದವೂ ಇವೆ. ಎರ್ರೆಮ್ಮನೂ ಪ್ರತಿ ವರ್ಷ ಕಟ್ಟುತ್ತಾಳೆ. ಇಷ್ಟು ಗುಡಿ ಬಿಟ್ಟು ಇಲ್ಲಿಯೇ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಈ ರಾಮನೂ ಮನಿ ಬಿಟ್ಟು ಬಂದು, ಮಳಿಯಾಗ ಬಂಡಿಗಲ್ಲಿನ ಕೆಳಗ ಕುಂತಾವ ಅಲ್ಲೇನಕ್ಕ. ಮನಿ ಇಲ್ಲದೋರ ಕಷ್ಟ ಅವಗ ಗೊತ್ತಿರತತಿ."

ಈ ವರ್ಷ ದಸರೆಗೆ ಮೊದಲೇ ಅವಳ ಮನೆಯ ಮಾಲೀಕರು, ಮಗನ ಮದುವೆ ಇದೆ, ದೀಪಾವಳಿಯೊಳಗೆ ಮನೆ ಖಾಲಿ ಮಾಡಿ ಎಂದಿದ್ದರು. ಎರ್ರೆಮ್ಮನ ಮಗ ಮಾರೇಶ್ ಸಂಡೂರಿನ ಕಡೆ ಗಣಿಯಲ್ಲಿ ಹಿಟಾಚಿ ಓಡಿಸುತ್ತಾನೆ. ಗುಡ್ಡ ಅಗೆಯುವ ಯಂತ್ರ ಅದು. ಅವನ ಹೆಂಡತಿ ಯಶೋಧರಾ, ಅವರ ಮಗಳು ಸಂಗಮ್ಮ, ನಾವು ಸಂಗಿ ಎನ್ನುತ್ತೇವೆ. ನಾನು ಹೊಸಪೇಟೆಯಲ್ಲಿಯೇ ನನ್ನ ಮಗಳ ಮನೆಯಲ್ಲಿ ಇರುವವಳು. ಮನೆ ಖಾಲಿ ಮಾಡಬೇಕಾದ ಹೊತ್ತಿನಲ್ಲಿ ಸುತ್ತಾಟ ಬೇಡ ಎಂದೆ. ಎರ್ರೆಮ್ಮ ಒಪ್ಪಲಿಲ್ಲ.

"ಈ ವರ್ಷನ ಹೋಗಬೇಕಕ್ಕ. ಈ ವರ್ಷ ಚಲೋತ್ನಂಗ ಕಟ್ಟಬೇಕು."

ಸಂಡೂರಿನ ಗಂಡಿಯ ಹತ್ತಿರ ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಎರಡು ಗುಡ್ಡ ಅತ್ತ ಇತ್ತ ಸರಿದು ನಡುವೆ ದಾರಿ ಬಿಟ್ಟು ನಿಂತಿವೆ. ಮಳೆ ಚೆನ್ನಾಗಿ ಆಗಿದ್ದರಿಂದ ಅಗೆಯದ ಗುಡ್ಡವೆಲ್ಲ ಹಸಿರು, ಅಗೆದ ಕಡೆ ಮಾತ್ರ ಹಸಿ ಗಾಯದ ಬಣ್ಣ. ಗಾಡಿ ನಿಲ್ಲಿಸಿ ಇಳಿದೆವು. ಮಂಜು ಹರಿದು ಗಂಡಿಯ ಆಚೆಯ ಕಣಿವೆ ಸ್ವಲ್ಪ ಸ್ವಲ್ಪವೇ ಕಂಡಾಗ ಎರ್ರೆಮ್ಮ ಚಪ್ಪಲಿ ಬಿಟ್ಟು ನಿಂತಳು.

"ಎಂಥಾ ಬಾಗಲ ಐತಿ ನೋಡಕ್ಕ. ಒಳಗಿರೋ ಯಜಮಾನ ಎಷ್ಟೆತ್ತರ ಇರಬೇಕು!"

ಮರುದಿನ ಹಂಪಿಯಲ್ಲಿ ಮಹಾನವಮಿ ದಿಬ್ಬ ಹತ್ತಿ ಇಳಿದು ಅರಮನೆಯ ಜಾಗಕ್ಕೆ ಹೋದೆವು. ಅಲ್ಲಿ ಅರಮನೆ ಇಲ್ಲ, ಅಡಿಪಾಯ ಇದೆ. ಮೆಟ್ಟಿಲು ಹತ್ತಿದರೆ ಮೇಲೆ ಬರೀ ಬಯಲು. ಎರ್ರೆಮ್ಮ ಅದರ ಸುತ್ತ ನಡೆದಳು, ಮೊಣಕಾಲು ನೋವಿದ್ದರೂ ನಡೆದಳು. ಕಲ್ಲಿನ ಅಂಚಿನಲ್ಲಿ ಸಾಲಾಗಿ ಕೊರೆದ ಆನೆ ಕುದುರೆಗಳ ಮೇಲೆ ಕೈ ಆಡಿಸಿದಳು.

"ರಾಜಂದೂ ಇಷ್ಟ ಉಳದೈತಿ ನೋಡು ಎರ್ರಿ," ಎಂದೆ ನಾನು, ಅವಳಿಗೆ ಸಮಾಧಾನ ಆಗಲಿ ಎಂದು.

"ಇಷ್ಟ ಅಂತೀಯಲ್ಲಕ್ಕ! ಎಷ್ಟು ಮಳಿ ಬಿದ್ದೈತಿ ಇದರ ಮ್ಯಾಲೆ, ಒಂದು ಕಲ್ಲು ಅಲ್ಲಾಡಿಲ್ಲ. ಇವತ್ತು ಗ್ವಾಡಿ ಎತ್ತಿದ್ರ ಇವತ್ತೇ ನಿಲ್ತತಿ." ಅವಳ ದನಿ ಸಣ್ಣದಾಗಿತ್ತು, ಗರ್ಭಗುಡಿಯ ಮುಂದೆ ಮಾತಾಡುವ ಹಾಗೆ.

ಮಾಲ್ಯವಂತಕ್ಕೆ ಬರುವಾಗ ಬಿಸಿಲು ಇಳಿದಿತ್ತು. ಗಾಡಿ ಗೋಪುರದವರೆಗೂ ಹೋಗುತ್ತದೆ. ದರ್ಶನ ಮುಗಿಸುವ ಹೊತ್ತಿಗೆ ಎರ್ರೆಮ್ಮನ ಮೊಣಕಾಲು ಊದಿ ಹಿಂದಿನ ಬಂಡೆ ಹತ್ತಲು ಬರದಾಯಿತು. ಅವಳ ಮುಖ ಸಣ್ಣದಾಗಿದ್ದು ನೋಡಿ ಮಾರೇಶ್, "ನೀ ಇಲ್ಲೇ ಕುಂದ್ರವ್ವ, ನಾನು ಕಟ್ಟಿ ಬರ್ತೀನಿ. ನೀ ಕಟ್ಟೋ ಮೂರು ಕಲ್ಲಿನ ಗುಡಿಸಲು ದೇವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ನಾ ಮಾಳಿಗಿ ಕಟ್ತೀನಿ ನೋಡು," ಎಂದು ಓಡಿದ.

ನಾವು ಕಂಬದ ನೆರಳಿನಲ್ಲಿ ಕುಳಿತೆವು. ಒಳಗೆ ರಾಮಾಯಣ ಓದುವ ದನಿ ನಿಲ್ಲದೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸಂಗಿ ಓಡಿ ಬಂದು, "ಅಜ್ಜಿ, ಅಪ್ಪ ನನ್ನ ಸೊಂಟದ ಮಟ ಕಟ್ಯಾನ, ಬಾ ಬಾ," ಎಂದು ಸೆರಗು ಎಳೆದಳು. ಎರ್ರೆಮ್ಮನಿಗೆ ತಡೆಯಲಾಗಲಿಲ್ಲ. ಒಂದು ಕಡೆ ನಾನು, ಒಂದು ಕಡೆ ಯಶೋಧರಾ ಹಿಡಿದುಕೊಂಡು ನಿಧಾನಕ್ಕೆ ಹತ್ತಿಸಿದೆವು.

ನಿಜವಾಗಿಯೂ ಚಂದದ ಮನೆ. ಕೆಳಗೆ ಅಗಲದ ಕಲ್ಲು, ಮೇಲೆ ಮೇಲೆ ಸಣ್ಣವು, ಒಂದೊಂದು ಅಂತಸ್ತಿಗೂ ಚಪ್ಪಟೆ ಚಪ್ಪಡಿ. ಎರ್ರೆಮ್ಮನ ಕಣ್ಣು ತುಂಬಿತು. "ಯಪ್ಪಾ, ನನ್ನ ಮಗನ," ಎಂದು ಅವನ ಗಲ್ಲ ಮುಟ್ಟಿದಳು. ಅಭ್ಯಾಸಬಲದಿಂದ ಬಗ್ಗಿ ಬಾಗಿಲು ಯಾವ ಕಡೆ ಎಂದು ನೋಡಿದಳು. ನೋಡಿದವಳು ಹಾಗೆಯೇ ನಿಂತಳು. ಎರಡನೇ ಚಪ್ಪಡಿಯ ಅಂಚಿನಲ್ಲಿ ಅರಿಶಿನ, ಅದರ ನಡುವೆ ಕುಂಕುಮದ ಬೊಟ್ಟು ಇತ್ತು.

"ಲೇ ಮಾರೇಶ, ಈ ಕಲ್ಲು ಎಲ್ಲಿಂದ ತಂದಿ?"

"ಇಲ್ಲೇ ಸುತ್ತಮುತ್ತ ಇದ್ವಲ್ಲವ್ವ."

"ಬಿದ್ದಿದ್ವೋ, ನಿಂತಿದ್ವೋ?"

ಮಾರೇಶ್ ಕೈಯ ಧೂಳು ಜಾಡಿಸಿಕೊಂಡ.

"ನಿಮ್ಮ ಮಗ ದಿನಾ ಗುಡ್ಡ ಕೆಡವೋರು ಅತ್ತಿ," ಎಂದಳು ಯಶೋಧರಾ. "ನಿಂತದ್ದನ್ನ ಕಂಡ್ರ ಕೈ ಸುಮ್ಕಿರಂಗಿಲ್ಲ."

"ನೀ ಸುಮ್ನಿರು. ಅವ್ವಾ, ಚಲೋ ಕಲ್ಲೆಲ್ಲ ಮಂದಿ ಆಗಲೇ ಆರಿಸಿಬಿಟ್ಟಾರ. ಬರೀ ದುಂಡನೂವು ಉಳದಾವ, ಒಂದರ ಮ್ಯಾಲೆ ಒಂದು ನಿಲ್ಲಂಗಿಲ್ಲ. ಇವು ಹಳೇವು. ಕಟ್ಟಿದೋರು ಎಂದೋ ಮನಿ ಕಟ್ಟಿಸಿ ಫ್ಯಾನ್ ಹಾಕ್ಕೊಂಡು ಮಲಗಿರ್ತಾರ."

"ಮಲಗದೋರು ಇದ್ರ?" ಎಂದಳು ಎರ್ರೆಮ್ಮ. "ನನ್ನಂಗ ಇನ್ನೂ ಕಾಯೋರು ಇದ್ರ? ನಾ ಹೋದ ವರ್ಷ ಕಟ್ಟಿದ್ದನ್ನ ಯಾರಾರ ಹಿಂಗ ಕಿತ್ತಿದ್ರ?"

ಮಾರೇಶನಿಗೆ ಸಿಟ್ಟು ಬಂತು. ನಿನಗಾಗಿ ತಾನೇ ಮಾಡಿದ್ದು, ಹೊತ್ತು ಮುಳುಗುವುದರೊಳಗೆ ಕಂಪ್ಲಿ ಮುಟ್ಟಬೇಕು, ಡ್ರೈವರ್ ಕೂಗುತ್ತಾನೆ ಎಂದ. ಎರ್ರೆಮ್ಮ ಬಂಡೆಯ ಮೇಲೆ ಕಾಲು ಚಾಚಿ ಕುಳಿತು, ಮಗ ಕಟ್ಟಿದ ಮನೆಯ ತುದಿಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕೈಗೆ ಕೊಟ್ಟಳು. "ಅಕ್ಕಾ, ಇದರ ಜಾಗ ನೋಡು."

ಜಾಗ ಹೇಗೆ ನೋಡುವುದು? ಬಂಡೆಯ ತುಂಬ ಕಲ್ಲು. ಒಂದಷ್ಟು ಹೊತ್ತು ಸುಮ್ಮನೆ ತಿರುಗಿದೆ. ಆಮೇಲೆ ತಿಳಿಯಿತು. ಬಹಳ ದಿನ ಕಲ್ಲು ಕುಳಿತ ಕಡೆ ಬಂಡೆಯ ಬಣ್ಣ ಬೇರೆ ಇರುತ್ತದೆ. ಸುತ್ತ ಕಪ್ಪು, ಕಲ್ಲು ಎದ್ದ ಜಾಗ ಮಾತ್ರ ಬಿಳಿಚು, ಕೆಲವು ಕಡೆ ತೇವ, ಗಾಬರಿಯಾದ ಇರುವೆಗಳು. ಕಲ್ಲಿನ ತಳ ತಿರುಗಿಸಿ ಆ ಗುರುತಿನ ಮೇಲಿಟ್ಟು ಸ್ವಲ್ಪ ಸ್ವಲ್ಪ ತಿರುಗಿಸಿದರೆ ಒಂದು ಕಡೆ ಅಲ್ಲಾಡದೆ ಕೂರುತ್ತದೆ. ಕುಳಿತರೆ ಅದೇ ಜಾಗ. ಸಂಗಿ ಇರುವೆ ಇದ್ದ ಕಡೆ ಹುಡುಕಿ ಹುಡುಕಿ ಕೂಗಿದಳು. ಯಶೋಧರಾ ಸೆರಗು ಸಿಕ್ಕಿಸಿಕೊಂಡು ಚಪ್ಪಡಿ ಹೊತ್ತಳು.

ಮಾರೇಶ್ ದೂರ ನಿಂತು ಮೊಬೈಲ್ ನೋಡುತ್ತಿದ್ದ. ಆಮೇಲೆ ಅದನ್ನು ಜೇಬಿಗೆ ಹಾಕಿ ಬಂದ. ಅಂಥ ದೊಡ್ಡ ಯಂತ್ರ ಓಡಿಸುವವನು ನಾಲ್ಕು ಕಾಲಿನ ಮೇಲೆ ಕೂಸಿನ ಹಾಗೆ ಅಂಬೆಗಾಲಿಟ್ಟು, ಕೆನ್ನೆಯನ್ನು ಬಂಡೆಗೆ ತಾಗಿಸಿ ಗುರುತು ಹುಡುಕಿದ.

"ದೊಡ್ಡವ್ವ, ಇಲ್ಲಿ ಬಾ. ಇಲ್ಲೊಂದು ಗೇಣುದ್ದ ಮನಿ ಐತಿ ನೋಡು, ಒಳಗ ಗೋಲಿಯಷ್ಟು ಕಲ್ಲು ಇಟ್ಟಾರ. ಒಲಿ ಇರಬೇಕು." ಅವನ ದನಿ ಬದಲಾಗಿತ್ತು. "ಇದನ್ನ ನಾ ನೋಡೇ ಇದ್ದಿಲ್ಲ."

ಎಲ್ಲರೂ ಬಗ್ಗಿ ನೋಡಿದೆವು. ಒಲೆಯೇ. ಮೂರು ಗುಂಡು, ನಡುವೆ ಕೆಂಡದ ಹಾಗೆ ಒಂದು ಚಿಟಿಕೆ ಕುಂಕುಮ. ಯಾವ ಊರಿನ ಹೆಣ್ಣುಮಗಳೋ.

ಗುಡಿಯ ಕಾವಲಿನವನು ಸೀಟಿ ಊದುತ್ತಾ ಬಂದ. "ಏನವ್ವಾ, ಏನ್ ಹುಡುಕ್ತೀರಿ? ಬಂಗಾರ ಕಳಕೊಂಡ್ರೇನು?"

"ಮನಿ ರೀ," ಎಂದಳು ಎರ್ರೆಮ್ಮ.

"ಯಾರ ಮನಿ?"

"ಅದ ತಿಳಿವಲ್ದು ನೋಡ್ರಿ."

ಅವನು ನಮ್ಮನ್ನೆಲ್ಲ ಒಮ್ಮೆ ನೋಡಿ, "ಜಲ್ದಿ ಇಳೀರಿ, ಕತ್ತಲಾದ್ರ ಕಾಲು ಜಾರತತಿ," ಎಂದು ಹೋದ.

ಕೊನೆಯ ಚಪ್ಪಡಿ ಇಟ್ಟು ನಾನು ಸೊಂಟ ಹಿಡಿದುಕೊಂಡು ಎದ್ದೆ. ಎದ್ದು ನೋಡಿದರೆ ಸೂರ್ಯ ಆಚೆಯ ಗುಡ್ಡಗಳ ತುದಿಯಲ್ಲಿದ್ದ. ಅಡ್ಡ ಬೆಳಕು ಬಂಡೆಯ ಮೇಲೆ ಹರಿದು ಒಂದೊಂದು ಪುಟ್ಟ ಮನೆಗೂ ಉದ್ದದ ನೆರಳು ಬಂದಿತ್ತು. ಬೆರಳೆತ್ತರದ ಮನೆಗೂ ಗೋಪುರದಷ್ಟು ನೆರಳು. ಬಂಡೆಯ ಇಳುಕಲಿನವರೆಗೆ, ಅದರ ಆಚೆಯ ಬಂಡೆಗೆ, ಅದರಾಚೆಗೆ, ಓಣಿ ಓಣಿಯಾಗಿ ಒಂದು ಊರೇ ಎದ್ದು ನಿಂತಿತ್ತು. ಇಷ್ಟು ವರ್ಷ ಬಂದಿದ್ದೇನೆ, ಇದನ್ನು ಕಂಡಿರಲಿಲ್ಲ. ಯಾವಾಗಲೂ ಹೊಳೆಗೆ ಹೋಗುವ ಅವಸರದಲ್ಲಿ ಇಷ್ಟು ಹೊತ್ತಿನವರೆಗೆ ನಿಂತವರೇ ಅಲ್ಲ ನಾವು. ಸಂಗಿ ಬಂದು ನನ್ನ ಕೈ ಹಿಡಿದುಕೊಂಡಳು.

"ಹಾಳು ಹಂಪಿ, ಹಾಳು ಹಂಪಿ ಅಂತಾರ," ಎಂದಳು ಎರ್ರೆಮ್ಮ. "ಎಲ್ಲಿ ಹಾಳಾಗೇತಿ? ಇಷ್ಟು ಮಂದಿ ಇಲ್ಲೇ ಇದ್ದಾರಲ್ಲಕ್ಕ."

ಎಲ್ಲ ಇಟ್ಟ ಮೇಲೂ ಒಂದು ಕಲ್ಲು ಉಳಿಯಿತು. ಅಂಗೈಯಷ್ಟು, ಎರಡೂ ಕಡೆ ಚಪ್ಪಟೆ. ಎಲ್ಲಿಟ್ಟರೂ ಕೂರಲಿಲ್ಲ. ಮಾರೇಶ್ ಅದನ್ನು ತಾಯಿಯ ಉಡಿಯಲ್ಲಿ ಇಟ್ಟು, "ಯಾರದ್ದೂ ಅಲ್ಲವ್ವ ಇದು. ನಿನ್ನ ಹೆಸರಿಗೆ ಇಡು. ಒಂದಾರ ಇಡು," ಎಂದ. ಬೇರೆ ಕಲ್ಲು ಆರಿಸಲು ಬೆಳಕು ಉಳಿದಿರಲಿಲ್ಲ.

ಎರ್ರೆಮ್ಮ ಕಲ್ಲನ್ನು ಕೈಯಲ್ಲಿ ತೂಗಿದಳು. ಅವಳಿಗೆ ಆಸೆ ಇರಲಿಲ್ಲ ಎಂದು ನಾನು ಹೇಳಲಾರೆ. ಅದನ್ನು ಅವಳು ಎದೆಗೆ ಒತ್ತಿ ಹಿಡಿದದ್ದನ್ನು ನಾನು ಹತ್ತಿರದಿಂದ ನೋಡಿದೆ. ಆಮೇಲೆ ಕೈ ಚಾಚಿ, ಸಮತಟ್ಟಾದ ಕಡೆ ಅದನ್ನು ಒಂಟಿಯಾಗಿ ಇಟ್ಟು, ಅಲ್ಲಾಡದ ಹಾಗೆ ಕೆಳಗೊಂದು ಹರಳು ಸಿಕ್ಕಿಸಿದಳು.

"ಯಾರದೋ ಐತಿ, ಇರಲಿ. ಮುಂದ ಬಂದೋರು ಇದರ ಮ್ಯಾಲೆ ಕಟ್ಟಲಿ. ನನ್ನದು ಬರೋ ವರ್ಷ ನೋಡೋಣು. ಏಳಸು ನನ್ನ."

ಕಂಪ್ಲಿಯ ಹೊಳೆ ಆ ದಿನ ನೋಡಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿಯನ್ನು ಗುಡ್ಡದ ಕೆಳಗೆ ಗಾಡಿಯ ಪಕ್ಕದಲ್ಲಿಯೇ ಬಿಚ್ಚಿದೆವು. ಮಾರೇಶ್ ತಾಯಿಗೆ ರೊಟ್ಟಿ ಮುರಿದು ಕೊಟ್ಟ.

ದೀಪಾವಳಿಗೆ ಮೊದಲು ಹೊಸಪೇಟೆಯಲ್ಲಿಯೇ ಇನ್ನೊಂದು ಬಾಡಿಗೆ ಮನೆ ಸಿಕ್ಕಿತು. ಸಾಮಾನು ತಂದ ದಿನ ನಾನೂ ಹೋಗಿದ್ದೆ. ಮನೆಯ ಒಡತಿ ಹೊನ್ನೂರಮ್ಮ ಬಾಗಿಲಲ್ಲಿ ನಿಂತು ಎಲ್ಲ ವಿಚಾರಿಸಿದಳು. ನೀರು ಹೆಚ್ಚು ಚೆಲ್ಲಬಾರದು, ಮಾಳಿಗೆಯ ಮೇಲೆ ಕುಟ್ಟಬಾರದು ಎಂದೆಲ್ಲ ಹೇಳಿ ಕಡೆಗೆ ಕೇಳಿದಳು: "ಇಷ್ಟು ವಯಸ್ಸಾಗೇತಿ, ನಿಮಗ ಸ್ವಂತ ಮನಿ ಅಂತ ಎಲ್ಲೂ ಇಲ್ಲೇನವ್ವ?"

ಈ ಮಾತಿಗೆ ಎರ್ರೆಮ್ಮ ತಲೆ ತಗ್ಗಿಸುತ್ತಿದ್ದದ್ದನ್ನು ಎಷ್ಟೋ ಬಾಗಿಲುಗಳಲ್ಲಿ ನೋಡಿದ್ದೇನೆ.

"ಯಾಕಿಲ್ರಿ," ಎಂದಳು ಅವಳು, ಚಾಪೆಯ ಸುರುಳಿಯನ್ನು ಕಂಕುಳಲ್ಲಿ ಒತ್ತಿಕೊಂಡು. "ಮಾಲ್ಯವಂತದ ಮ್ಯಾಲೆ ಒಂದು ಓಣಿಗೆ ಓಣಿನ ಕಟ್ಟೀನಿ. ಒಂದರಾಗೂ ಬಾಡಿಗಿ ಬರಂಗಿಲ್ಲ, ಅದ ತ್ರಾಸು."

ಹೊನ್ನೂರಮ್ಮ ನಕ್ಕು ಬೀಗದ ಕೈ ಕೊಟ್ಟಳು. ಎರ್ರೆಮ್ಮ ಬಲಗಾಲಿಟ್ಟು ಒಳಗೆ ಹೋದಳು, ಒಲೆ ಇಡುವ ಮೂಲೆ ಯಾವುದೆಂದು ನೋಡಲು.