ತಾಯಿಮರದ ಎಲೆ

ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಜಾಯಮಾನ ಅವಳದಲ್ಲ. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು 'ಚಡಪಡಿಕೆ' ಎಂದೇ ಕರೆಯುತ್ತಿದ್ದರು. ಹಣ್ಣಿನ ಮರಗಳ ಎಲೆ ಅರೆದು, ಸೋಸಿ, ಒಳಗೆ ವೈರಸ್ ಅಡಗಿದೆಯೇ ಎಂದು ಯಂತ್ರದಲ್ಲಿ ಹುಡುಕುವುದು ಅವಳ ಕೆಲಸ. ಯಂತ್ರ ಓಡುವಷ್ಟು ಹೊತ್ತೂ ಕಾರಿಡಾರಿನಲ್ಲಿ ಅತ್ತಿಂದಿತ್ತ ಅಲೆಯುವಳು.

ಒಮ್ಮೆ ಸ್ವಂತ ಅಕ್ಕನ ನರ್ಸರಿಯಿಂದಲೇ ಎಲೆ ಬಂತು. ಅಕ್ಕ ಕಿತ್ತಳೆ ಸಸಿ ಮಾರುವವಳು. ಎಲ್ಲ ಸಸಿಗೂ ಒಂದೇ ತಾಯಿಮರದ ಕಸಿ; ಬಂದದ್ದು ಅದರದೇ ಎಲೆ. ಆ ಮರ ಕೆಟ್ಟರೆ ಅದರ ಸಸಿ ಹೋದ ತೋಟಗಳೆಲ್ಲ ಕೆಟ್ಟಂತೆ.

ಪರದೆಯ ಮೇಲೆ ಆ ಎಲೆಯ ಗೆರೆ ಸರ್ರನೆ ಮೇಲೇರಿತು. ಗೆರೆ ಏರಿದರೆ ವೈರಸ್ ಇದೆ ಎಂದರ್ಥ. ಅಷ್ಟರಲ್ಲಿ ಹೋಲಿಕೆಗೆಂದು ಬರೀ ನೀರು ಹಾಕಿದ್ದ ಟ್ಯೂಬಿನ ಗೆರೆಯೂ ಏರಿತು. ನೀರಿನಲ್ಲಿ ವೈರಸ್ ಎಲ್ಲಿಂದ ಬರಬೇಕು? ಎಲ್ಲೋ ಒಂದು ಹನಿ ಸಿಡಿದು ಬೆರೆತಿದೆ, ಪರೀಕ್ಷೆಯೇ ದಂಡ. 'ಅಬ್ಬ, ಬದುಕಿದೆ' ಎಂದುಕೊಂಡಳು. ಮರುಗಳಿಗೆಯೇ ನಾಚಿಕೆಯಾಯಿತು. ತನ್ನ ತಪ್ಪಿಗೆ ತಾನೇ ಖುಷಿಪಡುವುದೇ?

ಲ್ಯಾಬಿನ ಮುಖ್ಯಸ್ಥೆಯ ಬಳಿ ಹೋಗಿ, "ಮೇಡಂ, ಇದು ನಮ್ಮಕ್ಕನ ಮರ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ," ಎಂದಳು.

"ಹೊಸ ಎಲೆ ತಗೊಂಡು ಬಾ, ನಾನೇ ಮಾಡ್ತೀನಿ."

ನರ್ಸರಿಗೆ ಹೋದರೆ ಬಾಗಿಲಲ್ಲೇ ಲಾರಿ! ಗಿರಾಕಿಯೊಬ್ಬ ಸಸಿ ತುಂಬಿಸುತ್ತಿದ್ದ. ಅವಳಿಗೆ ಬೆಂಕಿ ಮೇಲೆ ನಿಂತಂತಾಯಿತು.

"ಅಕ್ಕಾ, ಇವತ್ತು ಸಸಿ ಕೊಡಬೇಡ."

"ಯಾಕೆ, ರೋಗ ಇದೆಯಾ?"

"ಇನ್ನೂ ಗೊತ್ತಿಲ್ಲ."

"ಗೊತ್ತಿಲ್ಲದ್ದಕ್ಕೆ ಬಂದ ಗಿರಾಕೀನ ಓಡಿಸಲಾ? ತಂಗಿ ಅಂತ ಇರೋದು ಇದಕ್ಕೇನಾ?"

"ಬೈಯಿ, ಪರವಾಗಿಲ್ಲ. ಆದರೆ ಇಳಿಸು."

ಅಕ್ಕ ಮುಖ ಕೆಂಪಗೆ ಮಾಡಿಕೊಂಡೇ ಸಸಿ ಇಳಿಸಿದಳು. ತಂಗಿ ಹೊಸ ಎಲೆ ಕಿತ್ತುಕೊಂಡು ಹೊರಟಾಗ ತಿರುಗಿ ಕೂಡ ನೋಡಲಿಲ್ಲ.

ಮೇಡಂ ಮಾಡಿದ ಪರೀಕ್ಷೆಯಲ್ಲಿ ನೀರಿನ ಗೆರೆ ಅಲುಗಲಿಲ್ಲ. ಮರದ ಗೆರೆ ಮತ್ತೆ ಏರಿತು.

ವಿಷಯ ಹೇಳಿದಾಗ ಅಕ್ಕ ಅಳಲಿಲ್ಲ. "ಔಷಧಿ?" ಎಂದಳಷ್ಟೇ.

"ಮರಕ್ಕೆ ಇಲ್ಲ. ಚಿಗುರಿನ ತುತ್ತತುದಿಗೆ ಮಾತ್ರ ಎಷ್ಟೋ ಸಲ ವೈರಸ್ ತಲುಪಿರೋದಿಲ್ಲ. ಸಾಸಿವೆಗಿಂತ ಸಣ್ಣ ತುದಿ ಕತ್ತರಿಸಿ, ಟ್ಯೂಬಿನಲ್ಲಿ ಬೀಜದಿಂದ ಬೆಳೆಸಿದ ಸಸಿಗೆ ಕಸಿ ಕಟ್ಟಿ ನೋಡಬಹುದು. ಹಿಡಿದರೆ ಹಿಡೀತು."

ಅಕ್ಕ ಸಸಿಗಳನ್ನೆಲ್ಲ ಕಿತ್ತು ಸುಟ್ಟಳು. ಹಿಂದೆ ಸಸಿ ಕೊಂಡವರ ತೋಟ ತೋಟಕ್ಕೂ ತಾನೇ ಹೋಗಿ ಹೇಳಿದಳು. ಕೆಲವರು ಬಾಯಿಗೆ ಬಂದಂತೆ ಬೈದರು, ಒಬ್ಬಾಕೆ ಕೂರಿಸಿ ನೀರು ಕೊಟ್ಟಳು. ತಂಗಿಯ ಫೋನು ಮಾತ್ರ ಅಕ್ಕ ಎತ್ತಲಿಲ್ಲ.

ಇತ್ತ ಲ್ಯಾಬಿನಲ್ಲಿ ಕಟ್ಟಿದ ಟ್ಯೂಬಿನ ಕಸಿಗಳು ಒಂದೊಂದಾಗಿ ಕಪ್ಪಿಟ್ಟವು. ತಂಗಿ ಗಳಿಗೆಗೊಮ್ಮೆ ಇಣುಕುವುದು ನೋಡಲಾಗದೆ ಮೇಡಂ ಕಸಿಯಿದ್ದ ಕೋಣೆಗೆ ಬೀಗ ಹಾಕಿದರು. ಕೊನೆಗೆ ಒಂದೇ ಒಂದು ಹಸಿರಾಗಿ ಉಳಿಯಿತು. ಅದು ಕುಂಡಕ್ಕೆ ಬಂದು, ಬೆಳೆದು, ಎಲೆ ಕೊಟ್ಟ ಮೇಲೆ ಮೇಡಂ ಪರೀಕ್ಷಿಸಿದರು. ವೈರಸ್ ಇರಲಿಲ್ಲ.

ಸುದ್ದಿ ತಿಳಿದು ಅಕ್ಕ ಲ್ಯಾಬಿಗೇ ಬಂದಳು. ಕುಂಡವನ್ನು ಸುತ್ತಿ ಸುತ್ತಿ ನೋಡಿ, "ಇದು ಖಂಡಿತ ಶುದ್ಧ ತಾನೆ?" ಎಂದಳು.

"ಇವತ್ತಿಗೆ ಶುದ್ಧ. ವರ್ಷ ಕಳೆದು ಇನ್ನೊಮ್ಮೆ ನೋಡಬೇಕು," ಎಂದಳು ತಂಗಿ.

"ನೋಡು. ಅಲ್ಲೀತನಕ ಇದರ ಒಂದು ಕಡ್ಡೀನೂ ಮಾರಲ್ಲ," ಎಂದು ಅಕ್ಕ ಕುಂಡವನ್ನು ತಂಗಿಯ ಕೈಗೇ ಕೊಟ್ಟಳು. "ನಡಿ, ಊಟಕ್ಕೆ ಹೊತ್ತಾಯ್ತು."