ನಡೆಯುವ ಮಂದೆಗೆ ಯಾವ ಸರಹದ್ದು

ಬಾಗಳಿ ಕಡೆಯ ಅಜ್ಜಯ್ಯ ಹೆಸರಿಗೆ ಅಜ್ಜಯ್ಯನೇ ಹೊರತು ಇನ್ನೂ ಅಜ್ಜನಾದವನಲ್ಲ. ಐವತ್ತೆರಡು ವರ್ಷ, ನೂರಾ ಹತ್ತು ಕುರಿ, ಎರಡು ನಾಯಿ, ಮಾತಿನಲ್ಲಿ ಯಾರಿಗೂ ಸೋಲದ ಹೆಂಡತಿ ತಿಪ್ಪೇರುದ್ರಮ್ಮ, ಕೊಟ್ಟೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವ ಮಗಳು ರೇಣುಕಾ. ಇಷ್ಟು ಅವನ ಸಂಸಾರ. ಭತ್ತದ ಕೊಯ್ಲು ಮುಗಿದರೆ ಗಂಡ ಹೆಂಡತಿ ಮಂದೆ ಹೊಡೆದುಕೊಂಡು ಹಂಪಸಾಗರದ ಕಡೆ, ಹೊಳೆದಂಡೆಯ ಗದ್ದೆಗಳಿಗೆ ಹೋಗುತ್ತಾರೆ. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಇವರಿಗೆ ಕಾಳು ಕಾಸು. ಇವತ್ತು ಒಂದು ಊರು, ನಾಳಿದ್ದು ಇನ್ನೊಂದು.

ಇಂಥ ತಿರುಗಾಟದಲ್ಲಿ ಮಂದೆಗೆ ಮಂದೆ ಬೆರೆಯುವುದು ಇದ್ದದ್ದೇ. ಅದಕ್ಕೊಂದು ಕಟ್ಟಳೆ ಇದೆ. ಪರರ ಕುರಿ ನಿನ್ನ ಮಂದೆಗೆ ಸೇರಿತೋ, ಹೊತ್ತು ಮುಳುಗುವ ಮೊದಲು ಅದನ್ನು ವಾರಸುದಾರನಿಗೆ ಮುಟ್ಟಿಸಬೇಕು. ಅವನು ಕಿವಿ ಕೊಯ್ದು ಮಾಡಿದ ಕಚ್ಚಿನ ಗುರುತು ಹೇಳಿದರೆ ಸಾಕು, ಮತ್ತೊಂದು ಪ್ರಶ್ನೆ ಕೇಳುವಂತಿಲ್ಲ. ಪರರ ಕುರಿ ಒಂದು ರಾತ್ರಿ ನಿನ್ನ ಹಟ್ಟಿಯಲ್ಲಿ ಮಲಗಿತೆಂದರೆ ನೀನು ಕಳ್ಳನೇ. ಅಜ್ಜಯ್ಯನ ಅಪ್ಪ ಒಮ್ಮೆ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದು, ಎರಡು ಹರದಾರಿ ನಡೆದು, ಒಂದು ಕುಂಟ ಮರಿಯನ್ನು ಮುಟ್ಟಿಸಿ ಬಂದಿದ್ದನಂತೆ.

ಈ ಕಟ್ಟಳೆಯೇ ಅಜ್ಜಯ್ಯನನ್ನು ಮುಳುಗಿಸಿತು ನೋಡಿ.

ಜನವರಿಯ ಒಂದು ಮಧ್ಯಾಹ್ನ ಮಂದೆ ಕಾಲುವೆ ದಂಡೆ ಹಿಡಿದು ಹೋಗುತ್ತಿತ್ತು. ಟಗರು ಮಾರಿದ ಇಪ್ಪತ್ಮೂರು ಸಾವಿರ ಎರಡು ದಿನದ ಹಿಂದಷ್ಟೇ ವ್ಯಾಪಾರಿಯ ಫೋನಿನಿಂದ ಇವನ ಖಾತೆಗೆ ಬಂದಿತ್ತು. ಅದರಲ್ಲೇ ಸಾಕುವುದಕ್ಕೆ ಮರಿ ತರಬೇಕು. ಮರಿ ತರದಿದ್ದರೆ ಮುಂದಿನ ವರ್ಷ ಮಾರಲು ಟಗರಿಲ್ಲ, ರೇಣುಕಾಳ ಕೊನೇ ವರ್ಷದ ಓದಿಗೆ ದಾರಿಯಿಲ್ಲ. ಆಗ ಫೋನು ಕುಂಯ್ ಎಂದಿತು. ಖಾತೆಗೆ ಇಪ್ಪತ್ತು ಸಾವಿರ ಜಮಾ ಎಂಬ ಮೆಸೇಜು. ಹಿಂದೆಯೇ ಕರೆ. ಆ ಕಡೆ ಒಬ್ಬ ಗಂಡಸು ಅಳುತ್ತಿದ್ದ.

"ಅಣ್ಣಾ, ಆಸ್ಪತ್ರೆಗೆ ಕಟ್ಟೋ ದುಡ್ಡು. ಒಂದು ನಂಬರ್ ತಪ್ಪಿ ನಿಮಗೆ ಬಂದುಬಿಟ್ಟಿದೆ. ನನ್ನ ಹೆಂಡತೀನ ಉಳಿಸಿ ಅಣ್ಣಾ."

ಅಜ್ಜಯ್ಯನಿಗೆ ಬೇರೆ ಏನು ತೋಚೀತು? ಪರರ ಕುರಿ ಮಂದೆಗೆ ಸೇರಿದೆ, ಅಷ್ಟೇ. "ಅಳಬ್ಯಾಡಪಾ. ಪರರ ದುಡ್ಡು ನನಗ್ಯಾಕ" ಎಂದವನೇ, ಮಗಳು ಕಲಿಸಿದಂತೆ ಬೆರಳೊತ್ತಿ ಇಪ್ಪತ್ತು ಸಾವಿರ ಕಳಿಸಿಬಿಟ್ಟ. ಖಾತೆಯಲ್ಲಿ ಎಷ್ಟಿದೆ ಎಂದು ನೋಡಲಿಲ್ಲ. ನೋಡಿದರೆ ಅಳುವವನ ಮೇಲೆ ಅನುಮಾನಪಟ್ಟ ಹಾಗೆ ಅಲ್ಲವೇ?

ಸಂಜೆ ಫೋನಿನಲ್ಲಿ ಇದನ್ನು ಹೇಳಿದಾಗ ರೇಣುಕಾ ಕೇಳಿದಳು, "ಅಪ್ಪಾ, ಆ ಮೆಸೇಜು ಬ್ಯಾಂಕಿನಿಂದಾನ ಬಂದಿತ್ತೇನು?"

ನೋಡಿದರೆ ಉಳಿದದ್ದು ಮೂರು ಸಾವಿರ. ಬಂದದ್ದು ಸುಳ್ಳು, ಹೋದದ್ದಷ್ಟೇ ನಿಜ. ಅಯ್ಯೋ ಶಿವನೇ, ಒಳ್ಳೆಯವನ ಕುತ್ತಿಗೆಯನ್ನು ಅವನ ಒಳ್ಳೆಯತನದಿಂದಲೇ ಕೊಯ್ಯುವವರಿಗೆ ಏನನ್ನಬೇಕು! ಅವರ ಮನೆ ಹಾಳಾಗ.

ಬೇಗ ತಿಳಿಸಿದರೆ ದುಡ್ಡು ತಡೆಹಿಡಿಯುತ್ತಾರೆ ಎಂದು ರೇಣುಕಾ ಸೈಬರ್ ಸಹಾಯವಾಣಿಗೆ ಫೋನು ಹಚ್ಚಿದಳು. ಅದು ಹಾಡು ಕೇಳಿಸಿತು, ದಯವಿಟ್ಟು ಕಾಯಿರಿ ಎಂದಿತು, ಆಮೇಲೆ ಕಟ್ಟಾಯಿತು. ಏಳು ಸಲ ಹೀಗೇ. ದುಡ್ಡು ಕಿತ್ತುಕೊಂಡವನು ಒಂದೇ ರಿಂಗಿಗೆ ಸಿಕ್ಕಿದ್ದ. ಕೊಡಿಸಬೇಕಾದವರು ಸಿಗಲಿಲ್ಲ.

ಮರುದಿನ ಅಜ್ಜಯ್ಯ ಮಂದೆಯನ್ನು ಹೆಂಡತಿಗೆ ಒಪ್ಪಿಸಿ ಠಾಣೆಗೆ ಹೋದ. ಅಲ್ಲಿ ಬರೆದುಕೊಳ್ಳುವವನು ಸೋಮಶೇಖರ್. ಕೆಟ್ಟವನೇನಲ್ಲ ಪಾಪ. ಬೆಂಚಿನ ಮೇಲೆ ಇಂಥದ್ದೇ ಗೋಳಿನವರು ಹನ್ನೊಂದು ಜನ ಕೂತಿದ್ದರು. ಮೂರು ಗಂಟೆಯಾದರೂ ಅವನ ಊಟದ ಡಬ್ಬಿ ಬಿಚ್ಚಿರಲಿಲ್ಲ.

"ಫೋನ್ ಬಂದಾಗ ಎಲ್ಲಿದ್ದಿ?"

"ಕುರಿ ಹಿಂದ, ಸಾಹೇಬ್ರ."

"ಕುರಿ ಎಲ್ಲಿದ್ವು?"

"ನಡೀತಿದ್ವು."

"ಲೇ ಮಾರಾಯ, ಕಾಲುವಿ ಈ ಕಡಿಗೋ, ಆ ಕಡಿಗೋ? ಆ ಕಡಿ ಆದ್ರ ನಮಗ ಬರಂಗಿಲ್ಲ, ಬ್ಯಾರೆ ಠಾಣೆ."

"ಅರ್ಧ ಈ ಕಡಿ, ಅರ್ಧ ಆ ಕಡಿ. ಮೇವು ಇದ್ದಲ್ಲಿಗೆ ಹೋಗ್ತಾವ್ರಿ. ಕುರಿಗೇನು ಸರಹದ್ದು ಗೊತ್ತಾಗತೈತಾ?"

ಆ ಕಡೆಯ ಠಾಣೆಗೆ ಹೋದರೆ ಅವರು ಬ್ಯಾಂಕಿಗೆ ಕಳಿಸಿದರು. ಬ್ಯಾಂಕಿನವರು ದೂರಿನ ನಂಬರ್ ತಾ ಎಂದರು. ದೂರು ಬರೆಸಲು ಜಿಲ್ಲೆಯ ದೊಡ್ಡ ಪೊಲೀಸ್ ಆಫೀಸಿಗೆ ಹೋದರೆ ಆಧಾರ್ ಕಾರ್ಡು ತಿರುಗಿಸಿ ನೋಡಿ, "ನಿಂದು ನಮ್ಮ ಜಿಲ್ಲಾನೇ ಅಲ್ಲ" ಎಂದರು. ಬಾಗಳಿ ಸೇರಿದ ಹರಪನಹಳ್ಳಿ ತಾಲೂಕಿನವರ ಹಣೆಬರಹವೇ ಅದು. ಜನ ಕೂತಲ್ಲೇ ಕೂತಿದ್ದಾರೆ, ಜಿಲ್ಲೆ ಮಾತ್ರ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಅಜ್ಜಯ್ಯನ ಕಾರ್ಡು ಇನ್ನೂ ದಾವಣಗೆರೆಯಲ್ಲೇ ಇತ್ತು. ನಾಲ್ಕನೇ ದಿನ ಅವನು ತಿರುಗಿ ಸೋಮಶೇಖರನ ಮುಂದೆಯೇ ನಿಂತ. ಸೋಮಶೇಖರ್ ನಿಟ್ಟುಸಿರುಬಿಟ್ಟು ಹಾಳೆ ಎಳೆದುಕೊಂಡ.

"ನೀನಾಗೇ ಕಳಿಸಿದ್ದು ತಾನೆ? ಪುಕ್ಕಟೆ ದುಡ್ಡಿನ ಆಸೆಗೆ ಬಿದ್ದಿರ್ತೀರಿ ನೀವು. ಆಮ್ಯಾಲೆ ನಮ್ಮ ಹತ್ರ ಬರ್ತೀರಿ."

ಅಜ್ಜಯ್ಯನಿಗೆ ದುಡ್ಡು ಹೋದಾಗಲೂ ಇಷ್ಟು ಉರಿದಿರಲಿಲ್ಲ. "ಆಸೆ ಇದ್ದಿದ್ರ ಇಟ್ಕೊಂತಿದ್ನಿ ಸಾಹೇಬ್ರ. ವಾಪಸ್ ಯಾಕ ಕೊಡ್ತಿದ್ದೆ? ಅದನ್ನ ಬರೀರಿ."

ಸೋಮಶೇಖರ್ ಬೆಂಚಿನ ಮೇಲೆ ಕಾದವರತ್ತ ಒಮ್ಮೆ ನೋಡಿದ. ಆಮೇಲೆ ಎಲ್ಲರಿಗೂ ಬರೆಯುವುದನ್ನೇ ಬರೆದ. ಆ ಕಾಗದವನ್ನು ಕೊಟ್ಟೂರಿನಲ್ಲಿ ರೇಣುಕಾ ಓದಿದಳು: "ಹಣದ ಆಮಿಷಕ್ಕೆ ಒಳಗಾಗಿ." ಓದಿ ಅಪ್ಪನ ಮುಖ ನೋಡಲಾರದೆ ಕಾಗದ ಮಡಚಿದಳು. ಅಜ್ಜಯ್ಯ "ಹೋಗ್ಲಿ ಬಿಡವ್ವ" ಎಂದ. ಆ ಹೋಗ್ಲಿ ಬಿಡು ಇದೆಯಲ್ಲ, ಅದು ಕ್ಷಮಿಸಿದ ಮಾತಲ್ಲ, ಸಾಕಾಗಿ ಹೋದವನ ಮಾತು.

ಮಾರ್ಚಿ ಕಳೆಯುತ್ತ ಬಂತು. ಮರಿ ತರಲಾಗಲಿಲ್ಲ. ದೂರು ಇನ್ನೊಂದು ಕಚೇರಿಗೆ ವರ್ಗವಾಗಿದೆ ಎಂದು ಒಂದು ಮೆಸೇಜು, ಅದು ಮತ್ತೊಂದಕ್ಕೆ ವರ್ಗವಾಗಿದೆ ಎಂದು ಇನ್ನೊಂದು. ಮೆಸೇಜು ಬಂದರೆ ಅಜ್ಜಯ್ಯ ಈಗ ಫೋನನ್ನು ಚೇಳು ಹಿಡಿದ ಹಾಗೆ ಹಿಡಿಯುತ್ತಾನೆ.

ಒಂದು ಮಧ್ಯಾಹ್ನ ತಿಪ್ಪೇರುದ್ರಮ್ಮ ಕೂಗಿದಳು, "ಏ ಇಲ್ ನೋಡು, ಈ ಕರಿ ಕುರಿ ನಮ್ದಲ್ಲ." ಎಡಗಿವಿಯ ತುದಿಯಲ್ಲಿ ಎರಡು ಕಚ್ಚು. ಅಷ್ಟರಲ್ಲಿ ಫೋನು. ಗೊತ್ತಿಲ್ಲದ ನಂಬರು, ಹೆಂಗಸಿನ ದನಿ.

"ಅಣ್ಣಾ, ನಾನು ಕೂಡ್ಲಿಗಿ ಕಡಿ ಕುರಿ ಕಾಯೋ ಎರ್ರೆಮ್ಮ. ಗದ್ದಿ ಗೌಡ್ರು ನಿನ್ನ ನಂಬರ್ ಕೊಟ್ರು. ನಮ್ಮದೊಂದು ಕರಿ ಕುರಿ ನಿಮ್ಮ ಮಂದ್ಯಾಗ ಸೇರೈತೇನಣ್ಣ? ಎಡಗಿವಿಗೆ ಎರಡು ಕಚ್ಚು. ಗಬ್ಬದ ಕುರಿ."

ಗುರುತು ಸರಿಯಾಗಿತ್ತು. ಅಪ್ಪನಾಗಿದ್ದರೆ ಅಷ್ಟೊತ್ತಿಗೆ ಹೊರಟಿರುತ್ತಿದ್ದ. ಅಜ್ಜಯ್ಯನ ಬಾಯಿಂದ ಬಂದದ್ದು ಬೇರೆ.

"ನೀನ ಎರ್ರೆಮ್ಮ ಅಂತ ಏನು ಗ್ಯಾರಂಟಿ? ಎಲ್ಲಿ ಕಳೀತು? ಕಾಲುವಿ ಈ ಕಡಿಗೋ, ಆ ಕಡಿಗೋ? ಆಧಾರ್ ಎಲ್ಲಿದು ನಿಂದು?"

ಆ ಕಡೆಯಿಂದ ದಣಿದ ದನಿ ಬಂತು, "ಕುರಿ ಮೇಯ್ತಿದ್ವಣ್ಣ, ಎಲ್ಲಂತ ಹೇಳ್ಲಿ? ಹೋಗ್ಲಿ ಬಿಡು." ಫೋನು ಇಟ್ಟಳು.

ಅಜ್ಜಯ್ಯ ನಿಂತಲ್ಲೇ ನಿಂತ. ಆ ಮಾತು ಯಾರದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಪ್ಪೇರುದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಯಾವಾಗಿಂದ ಸಾಹೇಬ ಆದ್ಯೋ ನೀನು? ಆ ಕಳ್ಳ ದುಡ್ಡು ಒಯ್ದ, ಒಯ್ಲಿ. ನಮ್ಮ ಕಟ್ಟಳೇನೂ ಒಯ್ದ್ನೇನು?"

ಅಜ್ಜಯ್ಯ ಅದೇ ನಂಬರಿಗೆ ತಿರುಗಿ ಹಚ್ಚಿದ. "ತಂಗೀ, ತಪ್ಪಾತು. ಎಲ್ಲಿದ್ದಿ ಹೇಳು, ಅಲ್ಲೇ ಇರು. ಗಬ್ಬದ ಕುರಿ, ನಡಸಬಾರ್ದು. ನಾನ ಹೊತ್ಕೊಂಡು ಬರ್ತೀನಿ" ಎಂದ. ಕರಿ ಕುರಿಯನ್ನು ಹೆಗಲಿಗೇರಿಸಿಕೊಂಡು, ಕಾಲುವೆ ದಾಟಿ, ಯಾವ ಠಾಣೆಯ ಸರಹದ್ದು ಎಲ್ಲಿ ಮುಗಿಯಿತೆಂದು ನೋಡದೆ ನಡೆದ.

ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ಎರ್ರೆಮ್ಮ ಕಿವಿ ಮುಟ್ಟಿ ನೋಡಿದಳು, ಕುರಿ ಇಳಿಸಿಕೊಂಡಳು, ಕುಡಿಯಲು ಮಜ್ಜಿಗೆ ಕೊಟ್ಟಳು. ಮೂರು ತಿಂಗಳಲ್ಲಿ ಅಜ್ಜಯ್ಯ ಕಣ್ಣಾರೆ ಕಂಡಂತೆ, ಕಳೆದದ್ದು ಕಳೆದವರಿಗೆ ಸಿಕ್ಕ ದೂರು ಇದೊಂದೇ.